ಸಂಘದ ಕಚೇರಿಯಲ್ಲಿ ಪ್ರಥಮ ಚಿಕಿತ್ಸೆ



ಮುಂಗಾರಿಗೆ ಮುಂಚೆ ಬೆಳೆ ಸಾಲದ ನವೀಕರಣ ನಡೆಯುವ ದಿನಗಳಲ್ಲಿ ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಚೇರಿ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಸಣ್ಣ ಕೋಣೆ, ಎರಡು ಮೇಜು, ಒಂದೇ ಫ್ಯಾನು, ಪಹಣಿ ಹಿಡಿದು ನಿಂತ ಐವತ್ತು ಅರವತ್ತು ಜನ. ಪಕ್ಕದಲ್ಲಿಯೇ ಗೋದಾಮು. ಅಲ್ಲಿ ಗೊಬ್ಬರದ ಮೂಟೆಗಳು, ಬಿತ್ತನೆ ಬೀಜ, ಕಪಾಟಿನಲ್ಲಿ ಕೀಟನಾಶಕದ ಸೀಸೆಗಳು. ಹೊಲದಲ್ಲಿ ಮತ್ತು ಕಣದಲ್ಲಿ ಆಗುವ ಅಪಘಾತಗಳ ಬಗ್ಗೆ ನಾವು ಆಗಾಗ್ಗೆ ಮಾತನಾಡುತ್ತೇವೆ. ಆದರೆ ಈ ಕಚೇರಿಯೂ ಕೆಲಸದ ಸ್ಥಳವೇ, ಇಲ್ಲಿಯೂ ಜನ ಬೀಳುತ್ತಾರೆ, ಗಾಯಗೊಳ್ಳುತ್ತಾರೆ ಎಂಬುದು ಮಾತ್ರ ಮರೆತುಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಂಘಕ್ಕೆ ನಾನು ರೈತರ ಸಭೆಗೆಂದು ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದ ವಯಸ್ಸಾದ ಯಜಮಾನರೊಬ್ಬರು ಬೆವರಿ, ತಡವರಿಸಿ, ಗೋಡೆಗೆ ಒರಗಿ ಕುಸಿದರು. ತಕ್ಷಣ ಇಪ್ಪತ್ತು ಜನ ಸುತ್ತುಗಟ್ಟಿದರು. ಒಬ್ಬರು ಬೀಗದ ಕೈ ಗೊಂಚಲನ್ನು ಅವರ ಅಂಗೈಗೆ ತುರುಕಿದರು. ಇನ್ನೊಬ್ಬರು ಬಾಯಿಗೆ ಚೊಂಬಿನಿಂದ ನೀರು ಹೊಯ್ಯಲು ಹೋದರು; ನೀರು ಗಂಟಲಿಗೆ ಸಿಕ್ಕಿ ಅವರಿಗೆ ಕೆಮ್ಮು ಬಂತು. ಸಾಲಿನಲ್ಲಿದ್ದ ಆಶಾ ಕಾರ್ಯಕರ್ತೆಯೊಬ್ಬರು ಜನರನ್ನು ಸರಿಸಿ, ಪಕ್ಕದಲ್ಲಿ ಕುಳಿತು ಕೇಳಿದ್ದು ಎರಡೇ ಪ್ರಶ್ನೆ: "ಯಜಮಾನ್ರೇ, ಸಕ್ಕರೆ ಕಾಯಿಲೆ ಇದೆಯಾ? ಬೆಳಿಗ್ಗೆ ಏನಾದ್ರೂ ತಿಂದ್ರಾ?" ಅವರು ಮಾತ್ರೆ ನುಂಗಿ, ಹಸಿದ ಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಬಂದಿದ್ದರು. ಟೀ ಅಂಗಡಿಯಿಂದ ಸಕ್ಕರೆ ಬಂತು. ಅವರು ನುಂಗಬಲ್ಲರೆಂದು ಖಚಿತಪಡಿಸಿಕೊಂಡು ಮೂರು ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ಯಜಮಾನರು ಎದ್ದು ಕುಳಿತು ತಮ್ಮ ಪಾಸ್ ಪುಸ್ತಕ ಎಲ್ಲಿ ಎಂದು ಕೇಳಿದರು.

ಆ ಸಂಘದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇತ್ತು. ಬೀಗ ಹಾಕಿತ್ತು. ಬೀಗದ ಕೈ ಕಾರ್ಯದರ್ಶಿಯವರ ಜೇಬಿನಲ್ಲಿತ್ತು, ಕಾರ್ಯದರ್ಶಿಯವರು ಜಿಲ್ಲಾ ಬ್ಯಾಂಕಿಗೆ ಹೋಗಿದ್ದರು. ಸಂಜೆ ತೆರೆದು ನೋಡಿದಾಗ ಸಿಕ್ಕಿದ್ದು ಒಣಗಿದ ಟಿಂಚರ್ ಸೀಸೆ, ತುಕ್ಕು ಹಿಡಿದ ಕತ್ತರಿ ಮತ್ತು ಎರಡು ಸ್ಟಾಂಪ್ ಪ್ಯಾಡುಗಳು.

ಮೊದಲು ನೋಡಬೇಕಾದದ್ದು

ಪ್ರಥಮ ಚಿಕಿತ್ಸೆ ಎಂದರೆ ವೈದ್ಯಕೀಯವಲ್ಲ. ವೈದ್ಯರು ಸಿಗುವವರೆಗೆ ಪ್ರಾಣ ಉಳಿಸುವುದು, ಇದ್ದ ಸ್ಥಿತಿ ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು, ಇಷ್ಟೇ ಅದರ ಕೆಲಸ. ಬಿದ್ದವರ ಬಳಿ ಓಡುವ ಮುನ್ನ ಆ ಸ್ಥಳ ನಿಮಗೆ ಅಪಾಯಕಾರಿಯೇ ಎಂದು ನೋಡಿಕೊಳ್ಳಿರಿ. ವಿದ್ಯುತ್ ತಂತಿ, ವಿಷದ ಅನಿಲ, ಚೆಲ್ಲಿದ ಔಷಧಿ ಇವುಗಳಿಂದ ಎರಡನೆಯವರೂ ಬಿದ್ದ ಉದಾಹರಣೆಗಳು ಬೇಕಾದಷ್ಟಿವೆ. ನಂತರ ಭುಜ ತಟ್ಟಿ ಗಟ್ಟಿಯಾಗಿ ಕರೆಯಿರಿ. ಉತ್ತರ ಬಾರದಿದ್ದರೆ ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ಮೀರದಂತೆ ಗಮನಿಸಿರಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಬೇಕು. ನಮ್ಮ ರಾಜ್ಯದಲ್ಲಿ 2008ರಿಂದ ಈ ಸೇವೆ ಇದೆ, ಹಣ ಕೊಡಬೇಕಾಗಿಲ್ಲ. ಊರು, ಹೋಬಳಿ, ಹತ್ತಿರದ ಗುರುತು, ಏನಾಗಿದೆ, ಎಷ್ಟು ಜನರಿಗೆ ಆಗಿದೆ ಎಂಬುದನ್ನು ಹೇಳಿ, ಅವರು ಸಾಕು ಎನ್ನುವವರೆಗೆ ಫೋನ್ ಇಡಬಾರದು. ಒಂದೇ ಹೆಸರಿನ ಊರುಗಳು ಒಂದೇ ಜಿಲ್ಲೆಯಲ್ಲಿ ಎರಡು ಮೂರು ಇರುವುದುಂಟು. ಆದ್ದರಿಂದ ತಾಲ್ಲೂಕಿನ ಹೆಸರನ್ನು ತಪ್ಪದೆ ಹೇಳಿರಿ.

ಕುಸಿದು ಬಿದ್ದವರು

ಕಚೇರಿಯಲ್ಲಿ ಹೆಚ್ಚಾಗಿ ಕಾಣುವುದು ಇದೇ. ಆದರೆ ಬಿದ್ದವರೆಲ್ಲರಿಗೂ ಕಾರಣ ಒಂದೇ ಅಲ್ಲ.

ಸೆಕೆಯಲ್ಲಿ ಬಹಳ ಹೊತ್ತು ನಿಂತು ತಲೆ ತಿರುಗಿ ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದು ತಪ್ಪು. ಮಲಗಿಸಿ, ಕಾಲುಗಳನ್ನು ಒಂದು ಅಡಿಯಷ್ಟು ಮೇಲೆತ್ತಿ ಹಿಡಿದರೆ ಒಂದೆರಡು ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ತುಂಬು ಗರ್ಭಿಣಿಯಾದರೆ ಎಡಗಡೆಗೆ ಹೊರಳಿಸಿ ಮಲಗಿಸಬೇಕು. ಪೂರ್ಣ ಎಚ್ಚರ ಬಂದ ಮೇಲೆಯೇ ನೀರು.

ಸಕ್ಕರೆ ಕಾಯಿಲೆಯವರು ಬೆವರಿ, ನಡುಗಿ, ಅಸಂಬದ್ಧವಾಗಿ ಮಾತನಾಡುತ್ತಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದು ತಿಳಿಯಬೇಕು. ಅವರು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೊಡಿರಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿರಿ. ಸುಧಾರಿಸಿದ ಮೇಲೆ ಊಟವನ್ನಾದರೂ ಉಪ್ಪಿಟ್ಟನ್ನಾದರೂ ಮಾಡಿಸಿಯೇ ಕಳುಹಿಸಬೇಕು. ಕೆಲವು ಮಾತ್ರೆಗಳ ಪ್ರಭಾವ ದಿನವಿಡೀ ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ 108ಕ್ಕೆ ಕಾಯಬೇಕು.

ಮೂರ್ಛೆ ರೋಗದ ಸೆಳೆತ ಬಂದವರ ಕೈಗೆ ಕಬ್ಬಿಣ ಕೊಡುವ ಪದ್ಧತಿ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂದರೆ, ಓದಿದವರೂ ಆ ಗಳಿಗೆಯಲ್ಲಿ ಜೇಬಿನಲ್ಲಿ ಬೀಗದ ಕೈ ತಡಕುತ್ತಾರೆ. ಸೆಳೆತ ತಾನಾಗಿಯೇ ಒಂದೆರಡು ನಿಮಿಷದಲ್ಲಿ ನಿಲ್ಲುವುದರಿಂದ ಕಬ್ಬಿಣದಿಂದಲೇ ನಿಂತಿತೆಂದು ತೋರುತ್ತದೆ, ಅಷ್ಟೇ. ಈರುಳ್ಳಿ, ಚಪ್ಪಲಿ ಮೂಸಿಸುವುದೂ ವ್ಯರ್ಥ. ಹಲ್ಲಿನ ನಡುವೆ ಚಮಚ ತುರುಕುವುದಂತೂ ಅಪಾಯಕರ. ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗಬಹುದು. ಸುತ್ತಲಿನ ಮೇಜು ಕುರ್ಚಿ ಸರಿಸಿ, ತಲೆಯ ಕೆಳಗೆ ಟವೆಲ್ ಇಟ್ಟು, ಗಡಿಯಾರ ನೋಡಿಕೊಳ್ಳಿರಿ. ಕೈಕಾಲು ಅದುಮಿ ಹಿಡಿಯಬೇಡಿರಿ. ಸೆಳೆತ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿರಿ. ಐದು ನಿಮಿಷ ಮೀರಿದರೆ, ಒಂದರ ಹಿಂದೆ ಒಂದು ಬಂದರೆ, ಅಥವಾ ಅದೇ ಮೊದಲ ಸಲವಾದರೆ ಆಸ್ಪತ್ರೆಗೆ ಒಯ್ಯಬೇಕು.

ಎದೆಯ ನಡುವೆ ಹಿಂಡಿದಂತೆ ನೋವು, ಎಡಗೈಗೆ ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು, ಇವು ಹೃದಯಾಘಾತದ ಲಕ್ಷಣಗಳು. ಇದನ್ನು ಗ್ಯಾಸು ಎಂದುಕೊಂಡು ಸೋಡಾ ಕುಡಿಸಿ ಗಂಟೆಗಟ್ಟಲೆ ಕಾಯುವುದು ನಮ್ಮ ಕಡೆ ಬಹಳ. ರೋಗಿಯನ್ನು ನಡೆಸದೆ, ಒರಗಿಸಿ ಕೂರಿಸಿ 108ಕ್ಕೆ ಕರೆ ಮಾಡಿರಿ. ಆಸ್ಪಿರಿನ್ ಒಗ್ಗದವರು, ಹೊಟ್ಟೆ ಹುಣ್ಣಿನಿಂದ ರಕ್ತಸ್ರಾವ ಆದವರು ಅಲ್ಲವಾದರೆ, ಫೋನಿನಲ್ಲಿ ಕೇಳಿಕೊಂಡು 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿದು ನುಂಗಲು ಕೊಡಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆ ಅದರಲ್ಲಿದೆಯೇ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿರಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಇದಕ್ಕೂ ಹೆಪ್ಪು ಕರಗಿಸುವ ಮದ್ದು ಇದೆ. ಆದರೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ, ತಲೆಯ ಸ್ಕ್ಯಾನ್ ತೆಗೆದ ನಂತರ ಕೊಡಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯುವುದು ಲೇಸು.

ಕರೆದರೆ ಉತ್ತರವಿಲ್ಲ, ಉಸಿರಾಟವೂ ಇಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರಿನಂತೆ ಬರುತ್ತಿದೆ ಎಂದಾದರೆ ಹೃದಯ ನಿಂತಿದೆ ಎಂದು ತಿಳಿದು ಎದೆ ಒತ್ತಲು ಆರಂಭಿಸಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ನಡುವೆ ಒಂದು ಅಂಗೈಯ ಬುಡವನ್ನೂ ಅದರ ಮೇಲೆ ಇನ್ನೊಂದು ಅಂಗೈಯನ್ನೂ ಇಟ್ಟು, ಮೊಣಕೈ ಮಡಿಸದೆ ಮೈಭಾರದಿಂದ ಒತ್ತಿರಿ. ಆಳ 5ರಿಂದ 6 ಸೆಂಟಿಮೀಟರು. ವೇಗ ನಿಮಿಷಕ್ಕೆ 100ರಿಂದ 120. ಪ್ರತಿಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇದು ಗುದ್ದಲಿ ಕೆಲಸಕ್ಕಿಂತ ಆಯಾಸದ ಕೆಲಸ. ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು. ಪಕ್ಕೆಲುಬು ಮುರಿದೀತೆಂದು ಹೆದರಬೇಡಿರಿ, ಮುರಿದ ಎಲುಬು ಕೂಡುತ್ತದೆ. ಆಂಬುಲೆನ್ಸ್ ಬರುವವರೆಗೆ ಅಥವಾ ರೋಗಿ ಉಸಿರಾಡುವವರೆಗೆ ನಿಲ್ಲಿಸಬಾರದು.

ಗೋದಾಮಿನ ಅಪಾಯಗಳು

ಕೀಟನಾಶಕದ ಸೀಸೆ ಒಡೆದು ಮೈಮೇಲೆ ಚೆಲ್ಲಿದರೆ ಅದು ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಗುಮಾಸ್ತರೊಬ್ಬರು ಒದ್ದೆ ಅಂಗಿಯಲ್ಲೇ ಸಂಜೆಯವರೆಗೆ ಲೆಕ್ಕ ಬರೆಯುತ್ತ ಕುಳಿತರೆ ಆ ಅಂಗಿಯೇ ವಿಷದ ಪಟ್ಟಿಯಂತೆ ಕೆಲಸ ಮಾಡುತ್ತದೆ. ನಾಚಿಕೆ ಬಿಟ್ಟು ಬಟ್ಟೆ ಬಿಚ್ಚಿ, ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಬೇಕು. ಕೂದಲು, ಉಗುರಿನ ಸಂದು ಮರೆಯಬಾರದು. ಕಣ್ಣಿಗೆ ಬಿದ್ದರೂ ಅಷ್ಟೇ ಹೊತ್ತು ಶುದ್ಧ ನೀರು ಹೊಯ್ಯಬೇಕು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಇಲ್ಲವಾದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಬೇಕು.

ವಿಷ ಹೊಟ್ಟೆಗೆ ಹೋದಾಗ ನಮ್ಮ ಹಳ್ಳಿಗಳಲ್ಲಿ ಮಾಡುವ ಮೊದಲ ಕೆಲಸವೆಂದರೆ ಉಪ್ಪುನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವುದು. ಇದನ್ನು ಮಾಡಲೇಕೂಡದು. ವಾಂತಿಯಾಗುವಾಗ ವಿಷವೂ ಅದರಲ್ಲಿರುವ ಎಣ್ಣೆಯಂಥ ದ್ರಾವಕವೂ ಶ್ವಾಸಕೋಶಕ್ಕೆ ಹೋಗಿ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚು ಹಾನಿ ಮಾಡುತ್ತವೆ. ಹೆಚ್ಚು ಉಪ್ಪುನೀರು ತಾನೇ ಪ್ರಾಣಾಂತಿಕ. ಹಾಲು, ತುಪ್ಪ, ಮಜ್ಜಿಗೆ ಯಾವುದೂ ಪ್ರತಿವಿಷವಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಔಷಧಿಗಳಲ್ಲಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ, ಜೊಲ್ಲು ಮತ್ತು ಬೆವರು ಸುರಿಯುತ್ತವೆ, ಸ್ನಾಯುಗಳು ಅದುರುತ್ತವೆ, ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟು ಉಳಿಸುತ್ತಾರೆ. ಅದಕ್ಕೆ ಬೇಕಾದದ್ದು ಸಮಯ ಮತ್ತು ಸೀಸೆಯ ಚೀಟಿ. ಸೀಸೆಯನ್ನೂ ಅದರ ಜೊತೆಗಿನ ಕರಪತ್ರವನ್ನೂ ಒಂದು ಚೀಲದಲ್ಲಿ ಹಾಕಿ ರೋಗಿಯ ಜೊತೆಗೇ ಕಳುಹಿಸಿರಿ. ಚೀಟಿಯ ಮೇಲಿನ ಬಣ್ಣ ಕೆಂಪಾದರೆ ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರೆಂದರೆ ಅಪಾಯವಿಲ್ಲವೆಂದಲ್ಲ.

ಕಳೆನಾಶಕ ಪ್ಯಾರಾಕ್ವಾಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದನ್ನು ಒಂದೆರಡು ಗುಟುಕು ಕುಡಿದವರು ಮೊದಲ ದಿನ ಬಾಯಿ ಉರಿ, ವಾಂತಿ ಬಿಟ್ಟರೆ ಚೆನ್ನಾಗಿಯೇ ಮಾತನಾಡುತ್ತಿರಬಹುದು. ಮೂತ್ರಪಿಂಡ, ಶ್ವಾಸಕೋಶಗಳು ಕೆಡುವುದು ನಂತರದ ದಿನಗಳಲ್ಲಿ. ಇದಕ್ಕೆ ಪ್ರತಿವಿಷವಿಲ್ಲ. ಚೆನ್ನಾಗಿದ್ದಾರೆಂದು ಮನೆಗೆ ಕರೆದೊಯ್ಯದೆ ಆ ಗಂಟೆಯಲ್ಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ವಿಷ ಕುಡಿದದ್ದು ಆಕಸ್ಮಿಕವಲ್ಲದಿದ್ದರೂ ಚಿಕಿತ್ಸೆ ಒಂದೇ. ಪೊಲೀಸ್ ಕೇಸಾದೀತೆಂದು ಹೆದರಿ ವಿಷಯ ಮುಚ್ಚಿಟ್ಟು, ವೈದ್ಯರಿಗೆ ಬೇರೆ ಕಾರಣ ಹೇಳಿ ಕಳೆದುಕೊಂಡ ಜೀವಗಳಿವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಸಾಲದ ನೋಟೀಸು ಹಿಡಿದು ಬಂದ ಸದಸ್ಯರೊಬ್ಬರು ಎಂದಿನಂತಿಲ್ಲ ಎಂದು ನಿಮಗೆ ಅನ್ನಿಸಿದರೆ, ಆ ದಿನ ಅವರಿಗೆ ಸೀಸೆ ಮಾರದೆ ಕೂರಿಸಿ ಮಾತನಾಡಿಸುವುದೂ ಪ್ರಥಮ ಚಿಕಿತ್ಸೆಯೇ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ಸಾಲದ ಕೌಂಟರಿನ ಪಕ್ಕದಲ್ಲೇ ಬರೆಸಿ ಹಾಕಬೇಕು.

ದಾಸ್ತಾನಿನ ಹುಳುವಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತೇವಕ್ಕೆ ಫಾಸ್ಫೀನ್ ಅನಿಲವಾಗುತ್ತದೆ. ಕೊಳೆತ ಮೀನಿನ ಅಥವಾ ಬೆಳ್ಳುಳ್ಳಿಯ ವಾಸನೆ ಬಂದರೆ ಎಲ್ಲರೂ ಹೊರಗೆ ಬಂದು, ಗಾಳಿ ಬರುವ ದಿಕ್ಕಿಗೆ ದೂರ ನಿಲ್ಲಬೇಕು. ಒಳಗೆ ಬಿದ್ದವರನ್ನು ತರಲು ಮೂಗಿಗೆ ಟವೆಲ್ ಕಟ್ಟಿಕೊಂಡು ನುಗ್ಗಬಾರದು, ಟವೆಲ್ ಅನಿಲವನ್ನು ತಡೆಯುವುದಿಲ್ಲ. ಬಾಗಿಲು ಕಿಟಕಿ ಹೊರಗಿನಿಂದಲೇ ತೆರೆದು, ಅಗ್ನಿಶಾಮಕ ದಳವನ್ನು ಕರೆಯಿರಿ. ಮಾತ್ರೆಗಳ ಮೇಲೆ ನೀರು ಹಾಕುವುದಂತೂ ಅನಿಲವನ್ನು ಕೈಯಾರೆ ಹೆಚ್ಚಿಸಿದಂತೆ.

ಗೋಣಿಚೀಲದ ಸಂದಿಯಲ್ಲಿ ಇಲಿ, ಇಲಿಯ ಹಿಂದೆ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿ ಸಿಗುವ ಪ್ರತಿವಿಷ ಒಂದೇ. ಆದ್ದರಿಂದ ಹಾವನ್ನು ಹುಡುಕಿ ಕೊಲ್ಲುತ್ತ ಹೊತ್ತು ಕಳೆಯಬೇಕಾಗಿಲ್ಲ. ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರ, ನಾಟಿ ಮದ್ದು ಎಲ್ಲವೂ ಬೇಡ. ಬಿಗಿಯಾಗಿ ಕಟ್ಟಿ ತಂದ ಕೈಕಾಲು ಕೊಳೆತು ಕತ್ತರಿಸಬೇಕಾಗಿ ಬಂದದ್ದುಂಟು. ಉಂಗುರ, ಬಳೆ, ವಾಚು ತೆಗೆದು, ಕಚ್ಚಿದ ಅಂಗಕ್ಕೆ ಅಡ್ಡಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು ಸಾಗಿಸಿರಿ. ಕಚ್ಚಿದ ವೇಳೆ ಬರೆದಿಡಿ. ಕಟ್ಟುಹಾವು ಕಚ್ಚಿದರೆ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ರಾತ್ರಿ ಗೋದಾಮಿನಲ್ಲಿ ನೆಲದ ಮೇಲೆ ಮಲಗುವ ಕಾವಲುಗಾರರಿಗೆ ಬೆಳಿಗ್ಗೆ ಹೊಟ್ಟೆನೋವು, ಕಣ್ಣುರೆಪ್ಪೆ ಜೋಲುವಿಕೆ ಕಂಡರೆ ಇದನ್ನು ಅನುಮಾನಿಸಬೇಕು. ಅವರಿಗೊಂದು ಮಂಚ, ಸೊಳ್ಳೆ ಪರದೆ ಕೊಡಿಸುವುದು ಯಾವ ಸಂಘಕ್ಕೂ ಹೊರೆಯಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಉಚಿತ. 2024ರಲ್ಲಿ ನಮ್ಮ ರಾಜ್ಯವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಕೆಂಪು ಚೇಳು ಕುಟುಕಿದಾಗ ನೋವಿಗಿಂತ ಹೃದಯದ ಮೇಲಿನ ಪರಿಣಾಮ ಕೆಟ್ಟದ್ದು. ವಾಂತಿ, ವಿಪರೀತ ಬೆವರು, ತಣ್ಣಗಾದ ಕೈಕಾಲು ಕಂಡರೆ, ಅದರಲ್ಲೂ ಮಕ್ಕಳಲ್ಲಿ ಕಂಡರೆ, ತಡಮಾಡಬಾರದು. ಮಹಾರಾಷ್ಟ್ರದ ಮಹಾಡ್ ಎಂಬ ಊರಿನ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಇದಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಉಪಯುಕ್ತವೆಂದು ತೋರಿಸಿಕೊಟ್ಟ ಮೇಲೆ ಸಾವುಗಳು ಬಹಳ ತಗ್ಗಿವೆ. ಆದರೆ ಅದನ್ನು ವೈದ್ಯರೇ ಕೊಡಬೇಕು.

ವಿದ್ಯುತ್, ಗಾಯ, ಸುಟ್ಟಗಾಯ

ವಿದ್ಯುತ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಮೇನ್ ಎಲ್ಲಿದೆ ಎಂಬುದು ಗುಮಾಸ್ತರಿಗೊಬ್ಬರಿಗೇ ಗೊತ್ತಿದ್ದರೆ ಸಾಲದು; ಅದರ ಮುಂದೆ ಗೊಬ್ಬರದ ಮೂಟೆ ಪೇರಿಸಿರಲೂ ಬಾರದು. ಆರಿಸಲಾಗದಿದ್ದರೆ ಒಣಗಿದ ಬಿದಿರಿನಿಂದ ತಂತಿ ಸರಿಸಿರಿ. ಇದು ಮನೆಯ ವಿದ್ಯುತ್ತಿಗೆ ಮಾತ್ರ. ಕಂಬದ ದೊಡ್ಡ ತಂತಿ ಬಿದ್ದಿದ್ದರೆ ದೂರವೇ ನಿಂತು ಲೈನ್‌ಮನ್ ಅವರನ್ನು ಕರೆಸಬೇಕು. ಉಸಿರಿಲ್ಲದಿದ್ದರೆ ಮೇಲೆ ಹೇಳಿದಂತೆ ಎದೆ ಒತ್ತಬೇಕು. ಎದ್ದು ಕುಳಿತವರನ್ನೂ ಆಸ್ಪತ್ರೆಗೆ ತೋರಿಸಬೇಕು. ಏಣಿಯಿಂದ, ಮೂಟೆಯ ಅಟ್ಟಿಯಿಂದ ಬಿದ್ದು ಕತ್ತು ಅಥವಾ ಬೆನ್ನು ನೋವು ಎನ್ನುವವರನ್ನು ಎತ್ತಿ ಕೂರಿಸದೆ, ತಲೆ ಅಲುಗದಂತೆ ಹಿಡಿದು ಆಂಬುಲೆನ್ಸಿಗೆ ಕಾಯಿರಿ.

ಕೊಯ್ದ ಗಾಯಕ್ಕೆ ಕಾಫಿ ಪುಡಿ, ಅರಿಶಿನ, ಸುಣ್ಣ ತುಂಬುವುದನ್ನು ಬಿಡಬೇಕು. ಆಮೇಲೆ ಅದನ್ನು ತೊಳೆಯುವ ನರ್ಸಮ್ಮನಿಗೂ ಗಾಯಾಳುವಿಗೂ ಹಿಂಸೆ. ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಹತ್ತು ನಿಮಿಷ, ನಡುನಡುವೆ ತೆಗೆದು ನೋಡದೆ, ಗಟ್ಟಿಯಾಗಿ ಅದುಮಿರಿ. ರಕ್ತ ಒಸರಿದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಡಿ. ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ತುಂಡನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ರೋಗಿಯ ಜೊತೆ ಒಯ್ಯಿರಿ. ಯಾವ ಗಾಯವೇ ಆಗಲಿ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಸುಟ್ಟಗಾಯಕ್ಕೆ ಇಂಕು ಸುರಿಯುವುದು ಒಂದು ಕಾಲದಲ್ಲಿ ಕಚೇರಿಗಳ ರೂಢಿಯಾಗಿತ್ತು. ಈಗ ಇಂಕಿನ ಬದಲು ಟೂತ್‌ಪೇಸ್ಟ್ ಬಂದಿದೆ. ದೋಸೆ ಹಿಟ್ಟು ಇನ್ನೂ ಹೋಗಿಲ್ಲ. ಬೇಕಾದದ್ದು ಹರಿಯುವ ತಣ್ಣೀರು, 20 ನಿಮಿಷ. ಮಂಜುಗಡ್ಡೆ ಬೇಡ, ಬೊಬ್ಬೆ ಒಡೆಯುವುದು ಬೇಡ.

ಹಾಲು ಉತ್ಪಾದಕರ ಸಂಘಗಳಿಗೆ ಒಂದು ಮಾತು. ಜಿಡ್ಡು ಪರೀಕ್ಷೆಗೆ ಯಂತ್ರಗಳು ಬಂದಿದ್ದರೂ ಗರ್ಬರ್ ವಿಧಾನ ಬಳಸುವಲ್ಲಿ ಗಂಧಕಾಮ್ಲ ಇರುತ್ತದೆ, ಅದು ಸುಮಾರು 90 ಭಾಗ ಪ್ರಬಲವಾದ ಆಮ್ಲ. ಮೈಮೇಲೆ ಬಿದ್ದರೆ ಕೂಡಲೇ ಬಹಳಷ್ಟು ನೀರು, 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಅಡಿಗೆ ಸೋಡಾ ಹಚ್ಚಿ ಆಮ್ಲವನ್ನು ಮುರಿಯುತ್ತೇವೆಂದು ಹೊರಟರೆ ಆ ಕ್ರಿಯೆಯ ಕಾವಿನಿಂದಲೇ ಚರ್ಮ ಇನ್ನಷ್ಟು ಸುಡುತ್ತದೆ. ಆಮ್ಲವಿರುವ ಮೇಜಿನಿಂದ ನಲ್ಲಿ ಹತ್ತು ಹೆಜ್ಜೆಯೊಳಗೆ ಇರಲಿ.

ಪೆಟ್ಟಿಗೆ

1948ರ ಕಾರ್ಖಾನೆ ಕಾಯಿದೆಯು 150 ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕೆಂದು ವಿಧಿಸಿತ್ತು. ಸಂಘದ ಕಚೇರಿಯಲ್ಲಿ ಕೆಲಸ ಮಾಡುವವರು ನಾಲ್ಕೇ ಜನ ಎನ್ನಬಹುದು. ಆದರೆ ದಿನಕ್ಕೆ ಬಂದು ಹೋಗುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಮೊದಲಾಗಿ ಈ ಸಂಘಗಳು ಸದಸ್ಯರವೇ ಆಗಿವೆ; ಪೆಟ್ಟಿಗೆ ಇಡಿಸಿರೆಂದು ಕೇಳುವ ಹಕ್ಕೂ ನಿಮ್ಮದೇ.

ಅದರಲ್ಲಿ ಇರಬೇಕಾದದ್ದು: ಶುದ್ಧೀಕರಿಸಿದ ಗಾಜ್ ಬಟ್ಟೆ, ಸುರುಳಿ ಪಟ್ಟಿ, ಮೂರು ಮೂಲೆಯ ಬಟ್ಟೆ ಎರಡು, ಅಂಟುಪಟ್ಟಿ, ಕತ್ತರಿ, ಕೈಗವಸು ನಾಲ್ಕು ಜೊತೆ, ಪೊವಿಡೋನ್ ಅಯೊಡಿನ್, ಸಾಬೂನು, ಗ್ಲೂಕೋಸ್ ಪುಡಿ, ಓಆರ್‌ಎಸ್ ಪೊಟ್ಟಣ, ಆಸ್ಪಿರಿನ್, ಟಾರ್ಚು, ಒಗೆದ ಬೆಡ್‌ಶೀಟ್ ಒಂದು, ಪುಸ್ತಕ ಮತ್ತು ಪೆನ್ಸಿಲ್. ಮುಚ್ಚಳದ ಒಳಗಡೆ 108, 14416, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಲೈನ್‌ಮನ್ ಇವರ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿರಿ. ಇದೇನೂ ದೊಡ್ಡ ಖರ್ಚಲ್ಲ. ಆದರೆ ಪೆಟ್ಟಿಗೆ ಕೊಂಡರೆ ಮುಗಿಯಲಿಲ್ಲ. ಇಬ್ಬರಾದರೂ ಸಿಬ್ಬಂದಿ ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ನಡೆಸುವ ತರಬೇತಿ ಪಡೆದಿರಬೇಕು. ಎದೆ ಒತ್ತುವುದನ್ನು ಓದಿ ಕಲಿಯುವುದಕ್ಕಿಂತ ಬೊಂಬೆಯ ಮೇಲೆ ಒಮ್ಮೆ ಒತ್ತಿ ಕಲಿಯುವುದು ಮೇಲು.

ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುವಂತೆ ನಿರ್ದೇಶಕರಿಗೆ ಹೇಳಿರಿ. ಪ್ರತಿ ತಿಂಗಳ ಮೊದಲ ಕೆಲಸದ ದಿನ ನಗದು ಪುಸ್ತಕ ತಾಳೆ ನೋಡುವ ಹೊತ್ತಿನಲ್ಲಿಯೇ ಪೆಟ್ಟಿಗೆಯ ಸಾಮಾನುಗಳ ಅವಧಿಯನ್ನೂ ತಾಳೆ ನೋಡಿ, ಮುಗಿದದ್ದನ್ನು ತುಂಬಿಸಿ, ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಪೆಟ್ಟಿಗೆಯನ್ನು ಕೌಂಟರಿನ ಹೊರಗಡೆಯ ಗೋಡೆಗೆ, ಎಲ್ಲರ ಕೈಗೆ ಎಟುಕುವ ಎತ್ತರದಲ್ಲಿ ಹೊಡೆಸಿರಿ. ಬೀಗ ಹಾಕಿಸಬೇಡಿರಿ.